ಕಿವಿ ಗುಗ್ಗಿ: ಕೆದಕೋರು ಮತ್ತ ನೆನಸೋರು

ಅಕ್ಕಾರ, ವೈನಿಯಾರ, ಹೋದ ಸಲ ಬಾಚಣಿಕಿ ಕಥಿ ಬರದಾಗ ಭಾಳ ಮಂದಿ ಓದಿ ಫೋನ್ ಮಾಡಿದ್ರಿ. ಅದರಾಗ ಒಬ್ಬಾಕಿ ತಂಗಿ, "ಕಿವ್ಯಾಗಿನ ಗುಗ್ಗಿ ತಗಿಯೋದಕ್ಕೂ ಚರಿತ್ರಿ ಇರತೈತೇನ್ ಅಕ್ಕಾ?" ಅಂತ ಕೇಳಿದ್ಲು. ನಗಬ್ಯಾಡ್ರಿ, ಐತಿ. ನಾಕು ಸಾವಿರ ವರ್ಷಕ್ಕಿಂತ ಹಳೇ ಚರಿತ್ರಿ ಐತಿ. ಅದರಾಗ ಯುದ್ಧ ಇಲ್ಲ, ಪಟ್ಟಾಭಿಷೇಕ ಇಲ್ಲ. ಇರೋದು ಒಂದ ಜಗಳ: ಗುಗ್ಗಿನ ಕೆದಕಿ ತಗೀಬೇಕೋ, ನೆನಸಿ ತಗೀಬೇಕೋ ಅಂತ. ಈ ಜಗಳದಾಗ ಯಾರ ಮಾತು ಖರೇ ಆತು ಅನ್ನೋದು ತಿಳಕೊಂಡ್ರ, ನಮ್ಮ ಮನ್ಯಾಗಿನ ಕೂಸುಗಳ ಕಿವಿನೂ ಉಳಿತಾವ, ಹಿರಿಯಾರ ಕಿವಿನೂ ಉಳಿತಾವ.

ಮೊದಲ ಒಂದು ಮಾತು. ಗುಗ್ಗಿ ಅಂದ್ರ ಹೊಲಸಲ್ಲ. ಕಿವಿ ದಾರಿ ದೊಡ್ಡವರಿಗೆ ಸುಮಾರು ಎರಡೂವರಿ ಸೆಂಟಿಮೀಟರ್ ಉದ್ದ ಇರತೈತಿ. ಅದರ ಹೊರಗಿನ ಭಾಗದಾಗ ಸಣ್ಣ ಸಣ್ಣ ಗ್ರಂಥಿ ಅದಾವ. ಅವು ಬಿಡೋ ಜಿಡ್ಡು, ಉದುರಿದ ಚರ್ಮ, ಧೂಳು ಎಲ್ಲಾ ಕೂಡಿದ್ರ ಗುಗ್ಗಿ. ಅದು ನೀರು ತಡೀತೈತಿ, ಧೂಳು ಹಿಡೀತೈತಿ, ಒಳಗಿನ ಚರ್ಮ ಒಣಗಿ ಬಿರಿಯದಂಗ ನೋಡಕೊಳ್ತೈತಿ. ಇನ್ನೊಂದು ವಿಚಿತ್ರ ಕೇಳ್ರಿ. ಕಿವಿ ಒಳಗಿನ ಚರ್ಮ ಸುಮ್ಮನ ಇರಂಗಿಲ್ಲ. ತಮಟಿ ಕಡೆಯಿಂದ ಹೊರಗ, ಉಗುರು ಬೆಳೆಯೋ ಅಷ್ಟ ನಿಧಾನಕ್ಕ ಸರೀತಿರತೈತಿ. ನಾವು ಉಣ್ಣುವಾಗ, ಮಾತಾಡುವಾಗ ದವಡಿ ಅಲಗಾಡ್ತೈತಲ್ಲ, ಅದರಿಂದನೂ ಗುಗ್ಗಿ ಹೊರಗ ಬರತೈತಿ. ಅಂದ್ರ ಕಿವಿಗೆ ತನ್ನ ಕಸ ತಾನ ಹೊಡಕೊಳ್ಳೋದು ಗೊತ್ತೈತಿ.

ಆದ್ರ ಮನುಷ್ಯಾರಿಗೆ ಅಷ್ಟು ತಾಳ್ಮಿ ಎಲ್ಲಿದು? ಹರಪ್ಪಾದಾಗ ಅಗದಾಗ ಒಂದು ಗೊಂಚಲು ಸಿಕ್ಕೈತಿ. ಲೋಹದ್ದು, ಮೂರು ಸಾಮಾನು ಕೂಡಿಸಿದ್ದು: ಒಂದು ಚುಚ್ಚೋ ಕಡ್ಡಿ, ಒಂದು ಚಿಮಟಾ, ಮತ್ತೊಂದು ತುದಿಗೆ ಪುಟ್ಟ ಸೌಟಿನಂಗ ಇರೋ ಕಿವಿ ಕಡ್ಡಿ. ಇಂಥಾದ್ದ ಗೊಂಚಲು ದೂರದ ಇರಾಕಿನ ಊರ್ ಅನ್ನೋ ಹಳೇ ಪಟ್ಟಣದಾಗೂ ಸಿಕ್ಕೈತಿ. ಆ ಕಾಲಕ್ಕ ಈ ಎರಡೂ ಕಡೆ ವ್ಯಾಪಾರ ನಡೀತಿತ್ತು. ಮಣಿ ಸರದ ಜೋಡಿ ಕಿವಿ ಕೆರಕೊಳ್ಳೋ ರೂಢಿನೂ ಹಡಗು ಹತ್ತಿತ್ತೋ ಏನೋ! ರೋಮ್ ರಾಜ್ಯದಾಗೂ ಹಂಗ. ಕಿವಿ ಸೌಟು, ಚಿಮಟಾ, ಉಗುರು ಕಡ್ಡಿ ಮೂರನ್ನೂ ಒಂದ ಬಳಿಗೆ ಪೋಣಿಸಿ ಇಟಗೊಳ್ತಿದ್ರು. ಬ್ರಿಟನ್ನಿನ ಹೊಲದಾಗ ಇಂಥಾವು ಇನ್ನೂ ಸಿಗತಾವ. ನಮ್ಮ ಆಯಿ ಎಲಿ-ಅಡಿಕಿ ಚಂಚಿಗೂ ಬೆಳ್ಳಿದೊಂದು ಸಣ್ಣ ಗೊಂಚಲು ಜೋತಾಡತಿತ್ತು. ಹಲ್ಲು ಕಡ್ಡಿ, ಮುಳ್ಳು ತಗಿಯೋ ಚಿಮಟಾ, ಕಿವಿ ಸೌಟು. ಹರಪ್ಪಾದ ಸಾಮಾನಿನ ಫೋಟೋ ನೋಡಿದಾಗ ನನಗ ಮೊದಲ ನೆನಪಾದದ್ದು ಆ ಚಂಚಿನ.

ಜಪಾನಿನಾಗ ಇದಕ್ಕ ಮಿಮಿಕಾಕಿ ಅಂತಾರ. ಬಿದರಿಂದು. ಒಂದು ತುದಿಗೆ ಸೌಟು, ಇನ್ನೊಂದಕ್ಕ ಹಕ್ಕಿ ಪುಕ್ಕದ ಗೊಂಡೆ. ತಾಯಿ ತೊಡಿ ಮ್ಯಾಲ ಮಕ್ಕಳು ತಲಿ ಇಟ್ಟು ಮಲಗೋದು, ಆಕಿ ಕಿವಿ ತಗಿಯೋದು, ಅಲ್ಲಿ ಭಾಳ ಮಮತಿ ಕೆಲಸ. ಅಲ್ಲಿ ಆ ಕಡ್ಡಿ ನಡಿಯೋದಕ್ಕ ಒಂದು ಕಾರಣ ಐತಿ. ಗುಗ್ಗಿ ಎರಡು ನಮೂನಿ: ಒಂದು ಜೇನಿನಂಗ ಅಂಟಂಟು, ಇನ್ನೊಂದು ಹೊಟ್ಟಿನಂಗ ಒಣ. ಜಪಾನ್, ಚೀನಾ, ಕೊರಿಯಾದ ಮಂದಿಗೆ ಹೆಚ್ಚಿನಂಶ ಒಣ ಗುಗ್ಗಿ. ಯುರೋಪ್, ಆಫ್ರಿಕಾದವರಿಗೆ ಅಂಟು ಗುಗ್ಗಿ. ನಮ್ಮ ದೇಶದಾಗ ಎರಡೂ ನಮೂನಿ ಮಂದಿ ಅದಾರ. ಇದು ತಂದಿ-ತಾಯಿಯಿಂದ ಬರೋದು, ಒಂದ ಜೀನಿನ ಆಟ ಅಂತ ಜಪಾನಿನ ವಿಜ್ಞಾನಿಗಳು 2006ರಾಗ ತೋರಿಸಿಕೊಟ್ರು. ಹಂಗಾಗಿ "ಬಾಜೂ ಮನಿ ಹುಡುಗನ ಕಿವಿ ಎಷ್ಟು ಸ್ವಚ್ಛ ಐತಿ, ನಿಂದು ನೋಡು" ಅಂತ ಮಕ್ಕಳಿಗೆ ಬಯ್ಯೋದು ಬಿಡ್ರಿ. ಅದು ಹುಟ್ಟಿನಿಂದ ಬಂದದ್ದು.

ನಮ್ಮ ಉತ್ತರ ಭಾರತದಾಗ ಇದ ಕೆಲಸ ಒಂದು ಕಸುಬಾತು. ತಲಿಗೆ ಕೆಂಪು ರುಮಾಲು, ರುಮಾಲಿಗೆ ಸಿಗಿಸಿದ ಕಡ್ಡಿ, ಕೈಯಾಗ ಹತ್ತಿ, ಬಾಟಲಿಯೊಳಗ ಎಣ್ಣಿ. ದಿಲ್ಲಿ, ಮುಂಬಯಿ, ಕಲ್ಕತ್ತಾದ ರಸ್ತೆದಾಗ ಕುಂತು ಕಿವಿ ತಗಿಯೋರು. ಬ್ರಿಟಿಷರ ಕಾಲದಾಗ ಕಲಾವಿದರು ಇವರ ಚಿತ್ರಾನೂ ಬರದಾರ. ಕೈಚಳಕದಿಂದ ಕಿವ್ಯಾಗಿಂದ ಕಲ್ಲು ತಗದು ತೋರಿಸ್ತಿದ್ರು ಅನ್ನೋ ಕಥಿ ಊರೂರಾಗ ಅದಾವ. ಆದ್ರ ಒಬ್ಬರ ಕಿವಿಗೆ ಹಾಕಿದ ಕಡ್ಡಿ ಇನ್ನೊಬ್ಬರ ಕಿವಿಗೆ ಹೋಗೋದು, ಅದೂ ಬಸ್ಸಿನ ಧೂಳಿನಾಗ. ಇಷ್ಟು ಹೇಳಿದ್ರ ಸಾಕಲ್ಲ?

ಇವರೆಲ್ಲಾ ಕೆದಕೋರ ಪಾರ್ಟಿ. ಈಗ ನೆನಸೋರ ಪಾರ್ಟಿಗೆ ಬರೂಣು.

ರೋಮಿನಾಗ ಒಂದನೇ ಶತಮಾನದಾಗ ಸೆಲ್ಸಸ್ ಅನ್ನಾವ ವೈದ್ಯದ ಮ್ಯಾಲ ದೊಡ್ಡ ಪುಸ್ತಕ ಬರದ. ಗುಗ್ಗಿ ಮೆತ್ತಗಿದ್ರ ಕಡ್ಡಿಯಿಂದ ತಗೀರಿ, ಬಿರುಸಾಗಿದ್ರ ಮಾತ್ರ ಕೈ ಹಚ್ಚಬ್ಯಾಡ್ರಿ, ವಿನೆಗಾರಿನಾಗ ಒಂಚೂರು ಸೋಡಾ ಕೂಡಿಸಿ ಬಿಡ್ರಿ, ಮೆತ್ತಗಾದ ಮ್ಯಾಲ ತೊಳೀರಿ ಅಂತ ಅವನ ಸಲಹಾ. ಇವತ್ತಿಗೂ ಔಷಧಿ ಅಂಗಡ್ಯಾಗ ಸೋಡಾ ಬೈಕಾರ್ಬೋನೇಟಿನ ಕಿವಿ ಹನಿ ಮಾರತಾರ. ನಮ್ಮ ಸುಶ್ರುತ ಸಂಹಿತಾದಾಗ ಇಪ್ಪತ್ತೆಂಟು ಕಿವಿ ರೋಗ ಎಣಿಸ್ಯಾರ. ಅದರಾಗ ಕರ್ಣಗೂಥ ಅನ್ನೋದು ಈ ಗಟ್ಟಿ ಗುಗ್ಗಿನ. ಅದಕ್ಕ ಹೇಳಿದ ದಾರಿ: ಮೊದಲ ಎಣ್ಣಿ ಹಾಕಿ ನೆನಸೋದು, ಆಮ್ಯಾಲ ಶಾಖ ಕೊಡೋದು, ಕಡೀಕ ವೈದ್ಯ ತನ್ನ ಶಲಾಕೆಯಿಂದ ತಗಿಯೋದು. ಗಮನಿಸ್ರಿ, ಕಡ್ಡಿ ಬರೋದು ಎಲ್ಲಾದರ ಕಡೀಕ, ಅದೂ ವೈದ್ಯನ ಕೈಯಾಗ. ಒಬ್ಬರ ಮಾರಿ ಒಬ್ಬರು ನೋಡದ ಎರಡು ದೇಶದ ಪುಸ್ತಕ, ಒಂದ ಮಾತು ಹೇಳ್ತಾವ: ಗಟ್ಟಿ ಇದ್ದದ್ದನ್ನ ಕೆದಕಬ್ಯಾಡ್ರಿ, ಮೊದಲ ಮೆತ್ತಗ ಮಾಡ್ರಿ. ಹೆಪ್ಪುಗಟ್ಟಿದ ಬೆಲ್ಲದ ಡಬ್ಬಿಗೆ ಚಮಚಾ ಹಾಕಿ ಬಡದ್ರ ಚಮಚಾ ಬಾಗತೈತಿ, ಡಬ್ಬಿ ಒಡೀತೈತಿ. ಇದು ನಮಗ ಯಾರೂ ಕಲಿಸಬೇಕಾಗಿಲ್ಲ.

ಹೆಣ್ಣಮಕ್ಕಳು ಬರದ ಪುಸ್ತಕದಾಗ ಗುಗ್ಗಿಗೆ ಬ್ಯಾರೆನ ಮರ್ಯಾದಿ ಐತಿ. ಅಮೆರಿಕಾದ ಲಿಡಿಯಾ ಮರಿಯಾ ಚೈಲ್ಡ್ ಅನ್ನಾಕಿ ಸುಮಾರು ಇನ್ನೂರು ವರ್ಷದ ಹಿಂದ ಗೃಹಿಣಿಯರಿಗೆ ಕಾಟಕಸರಿನ ಸಂಸಾರದ ಪುಸ್ತಕ ಬರದ್ಲು. ಅದರಾಗ ತುಟಿ ಒಡದ್ರ ಕಿವಿ ಗುಗ್ಗಿ ಹಚ್ಚಿಕೊಳ್ರಿ, ಛಲೋ ಔಷಧ ಅಂತ ಹೇಳ್ಯಾಳ! ನಾವು ತುಪ್ಪ ಹಚ್ಚತೇವಿ. ತುಪ್ಪನ ಇರ್ಲಿ ಬಿಡ್ರಿ.

ತೊಳಿಯೋ ನೀರಿನ ವಿಷಯದಾಗ ಒಂದು ನೊಬೆಲ್ ಬಹುಮಾನನ ಬಂದೈತಿ ಅಂದ್ರ ನಂಬತೀರಿ? ವಿಯೆನ್ನಾದಾಗ ರಾಬರ್ಟ್ ಬಾರಾನಿ ಅನ್ನೋ ಕಿವಿ ಡಾಕ್ಟರ್ ಇದ್ದ. ಪಿಚಕಾರಿಯಿಂದ ಕಿವಿ ತೊಳಿವಾಗ ಕೆಲವರಿಗೆ ತಲಿ ಗರಗರ ತಿರಗತಿತ್ತು, ಕಣ್ಣಗುಡ್ಡಿ ಅತ್ತಿತ್ತ ಓಡತಿತ್ತು. ಒಬ್ಬ ರೋಗಿ, ನೀರು ಸಾಕಷ್ಟು ಬೆಚ್ಚಗ ಇಲ್ಲದಾಗ ಹಿಂಗಾಗತೈತಿ ಅಂದ. ಬಾರಾನಿ ಅದನ್ನ ಕಿವಿಗೆ ಹಾಕ್ಕೊಂಡ. ಮುಂದ ನೀರು ಹೆಚ್ಚು ಬಿಸಿ ಆದಾಗ ಕಣ್ಣು ಉಲ್ಟಾ ದಿಕ್ಕಿಗೆ ಓಡೋದು ನೋಡಿದ. ನಮ್ಮ ಶರೀರದ ತೂಕ ಹಿಡಿಯೋ ತಕ್ಕಡಿ ಕಿವಿ ಒಳಗ ಐತಿ, ತಣ್ಣನ ನೀರು, ಸುಡೋ ನೀರು ಎರಡೂ ಅದನ್ನ ಅಲಗಾಡಸ್ತಾವ ಅಂತ ಅದರಿಂದ ತಿಳೀತು. 1914ರ ನೊಬೆಲ್ ಅವನಿಗೆ ಬಂದಾಗ ಮೊದಲನೇ ಮಹಾಯುದ್ಧದ ಕೈದಿಯಾಗಿ ರಶಿಯಾದಾಗ ಇದ್ದ. ನಮಗ ಇದರಾಗ ಪಾಠ ಸರಳ ಐತಿ: ಕಿವಿಗೆ ಹೋಗೋ ನೀರಾಗಲಿ, ಹನಿಯಾಗಲಿ, ಮೈ ಬಿಸಿಯಷ್ಟ ಇರಬೇಕು. ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣಿನ ಸುಡಸುಡ ಕೂಸಿನ ಕಿವಿಗೆ ಬಿಡೋ ರೂಢಿ ನಮ್ಮ ಕಡೆ ಇನ್ನೂ ಐತಿ. ಅದರಿಂದ ಒಳಗಿನ ಎಳೇ ಚರ್ಮ ಸುಡತೈತಿ. ಪ್ರೀತಿಯಿಂದ ಮಾಡಿದ್ರೂ ಸುಡೋದು ಸುಡೋದ.

ನೆನಸೋರ ಮಾತು ಹಿಂಗ ಗೆಲ್ಲತಿರಬೇಕಾದ್ರ ಕೆದಕೋರಿಗೆ ಹೊಸಾ ಹತಾರ ಸಿಕ್ತು. 1923ರಾಗ ಅಮೆರಿಕಾದಾಗ ಲಿಯೋ ಗರ್ಸ್ಟೆನ್‌ಜಾಂಗ್ ಅನ್ನಾವ ತನ್ನ ಹೆಂಡತಿ ಹಲ್ಲು ಕಡ್ಡಿಗೆ ಹತ್ತಿ ಸುತ್ತಿ ಕೂಸಿಗೆ ಒರಸೋದು ನೋಡಿದನಂತ. ಕಡ್ಡಿ ಚುಚ್ಚೀತು, ಹತ್ತಿ ಬಿಚ್ಚೀತು ಅಂತ ತಯಾರ್ ಹತ್ತಿ ಕಡ್ಡಿ ಮಾಡಿ ಮಾರಿದ. ಅದ ಮುಂದ ಕ್ಯೂ-ಟಿಪ್ಸ್ ಆತು. ನಾವು ಬಡ್ಸ್ ಅಂತೀವಲ್ಲ, ಅದ. ವಿಚಾರ ಹುಟ್ಟಿದ್ದು ಹೆಂಡತಿ ಕೈಯಾಗ, ಹೆಸರು ಬಂದದ್ದು ಗಂಡಗ; ಇರಲಿ. ಆದ್ರ ಆ ಕಡ್ಡಿ ಕಿವಿಯೊಳಗ ಮಾಡಿದ್ದೇನು? ಹತ್ತಿ ಗುಗ್ಗಿನ ಹೊರಗ ತರೋದಕ್ಕಿಂತ ಒಳಗ ಒತ್ತೋದ ಹೆಚ್ಚು, ಒಲಿಯೊಳಗ ಬೂದಿ ಒತ್ತಿದಂಗ. ತಮಟಿ ಅನ್ನೋದು ಬರೇ ಮಿಲಿಮೀಟರಿನ ಹತ್ತನೇ ಪಾಲು ದಪ್ಪ. ಕಡ್ಡಿ ಕಿವ್ಯಾಗ ಇದ್ದಾಗ ಕೂಸು ಒಮ್ಮೆ ತಲಿ ತಿರುಗಿಸಿದ್ರ ಸಾಕು. 1970ರ ದಶಕದಾಗ ಕಂಪನಿಯವರ ಪೊಟ್ಟಣದ ಮ್ಯಾಲ "ಕಿವಿ ಒಳಗ ಹಾಕಬ್ಯಾಡ್ರಿ" ಅಂತ ಎಚ್ಚರಿಕಿ ಛಾಪಿಸಿದ್ರು. ಕಿವಿಗಂತ ಕೊಂಡ ಸಾಮಾನಿನ ಮ್ಯಾಲ ಕಿವಿಗೆ ಬ್ಯಾಡ ಅಂತ ಬರದಿರತೈತಿ, ಯಾರೂ ಓದಂಗಿಲ್ಲ. ನಮ್ಮ ದೇಶದಾಗ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಡ್ಡಿ ಬಡ್ಸ್ ಬಂದ್ ಆದ್ವು. ಅದು ಕಿವಿ ಸಲುವಾಗಿ ಅಲ್ಲ, ಪ್ಲಾಸ್ಟಿಕ್ ಕಸದ ಸಲುವಾಗಿ. ಈಗ ಕಾಗದದ್ದು, ಬಿದರಿಂದು ಬರತಾವ. ಕಡ್ಡಿ ಬದಲಾತು, ಒತ್ತೋದು ಬದಲಾಗಲಿಲ್ಲ.

ಈ ಕಥಿ ನಾನು ಯಾಕಿಷ್ಟು ಮನಸ್ಸಿಗೆ ಹಚ್ಚಿಕೊಂಡೆ ಅಂದ್ರ, ನಮ್ಮ ಓಣ್ಯಾಗ ಒಬ್ಬ ಹಿರಿಯಾಕಿ ಇದ್ರು. ಎರಡು ವರ್ಷದಿಂದ ಅವರಿಗೆ ಕಿವಿ ಮಂದ ಆತು ಅಂತ ಮನಿಯವರು ತಿಳಕೊಂಡ್ರು. ಮೊದಲ ಒದರಿ ಮಾತಾಡಿದ್ರು, ಆಮ್ಯಾಲ ಕೈಸನ್ನಿ, ಆಮ್ಯಾಲ ಅದೂ ಇಲ್ಲ. ಮೊಮ್ಮಗಳ ಲಗ್ನದ ಮಾತುಕತಿ ಅವರ ಎದುರಿಗೆ ನಡದ್ರೂ ಅವರನ್ನ ಯಾರೂ ಕೇಳಲಿಲ್ಲ. "ವಯಸ್ಸಾತು, ನೆನಪೂ ಹೋಗೇತಿ" ಅಂತಿದ್ರು. ಕಡೀಕ ಶುಗರ್ ತೋರಸಾಕ ಹೋದಾಗ ಡಾಕ್ಟರ್ ಕಿವ್ಯಾಗ ಬ್ಯಾಟರಿ ಬಿಟ್ಟು ನೋಡಿ, ಕಿವಿ ಡಾಕ್ಟರ ಕಡೆ ಕಳಿಸಿದ್ರು. ಎರಡೂ ಕಿವ್ಯಾಗಿಂದ ಹುಣಸಿ ಬೀಜದಂಥಾ ಗಟ್ಟಿ ಗುಗ್ಗಿ ಬಂತು. ಮನಿಗೆ ಬಂದು ಗಡಿಯಾರದ ಟಿಕ್ ಟಿಕ್ ಕೇಳಕೋತ ಕುಂತ್ರಂತ. ಸಂಜಿಕ ನಾನು ಮಾತಾಡಸಾಕ ಹೋದಾಗ ಹೇಳಿದ್ರು: "ಇಷ್ಟು ದಿನ ಎಲ್ಲಾರೂ ನನ್ನ ಮ್ಯಾಲ ಸಿಟ್ಟಾಗ್ಯಾರ, ಅದಕ್ಕ ಮಾತಾಡಂಗಿಲ್ಲ ಅಂತ ತಿಳಕೊಂಡಿದ್ದೆ ನೋಡವಾ." ವಯಸ್ಸಾದಂಗ ಗುಗ್ಗಿ ಒಣಗತೈತಿ, ತಾನಾಗಿ ಹೊರಗ ಬರೋದು ಕಡಿಮಿ ಆಗತೈತಿ. ಕಿವಿ ಮಿಶಿನ್ ಹಾಕ್ಕೊಳ್ಳೋರಿಗೆ ಇನ್ನೂ ಹೆಚ್ಚು. ಅದಕ್ಕ ಮನ್ಯಾಗ ಹಿರಿಯಾರಿಗೆ ಕೇಳದಂಗಾದ್ರ, "ವಯಸ್ಸು" ಅನ್ನೋಕಿಂತ ಮೊದಲ ಒಮ್ಮೆ ಕಿವಿ ತೋರಸ್ರಿ.

ಇನ್ನ ಮನ್ಯಾಗ ಮಾಡೋದು ಏನು? ಕೇಳಸತೈತಿ, ತ್ರಾಸ ಇಲ್ಲ ಅಂದ್ರ ಏನೂ ಮಾಡೋದು ಬ್ಯಾಡ. ಸ್ನಾನ ಆದ ಮ್ಯಾಲ ಒದ್ದಿ ಅರಿವಿಯಿಂದ ಹೊರಗಿನ ಕಿವಿ ಒರಸಿದ್ರ ಸಾಕು. ಕಿವಿ ಗಡಚಿಕ್ಕಿದಂಗ ಆದ್ರ, ಔಷಧಿ ಅಂಗಡ್ಯಾಗ ಸಿಗೋ ಆಲಿವ್ ಎಣ್ಣಿ ಇಲ್ಲಾ ಬದಾಮಿ ಎಣ್ಣಿ ತರಸ್ರಿ. ಬಾಟಲಿನ ಮುಷ್ಟಿಯಾಗ ಹಿಡದು ಮೈ ಬಿಸಿಗೆ ತರ್ರಿ, ಒಲಿ ಮ್ಯಾಲ ಇಡಬ್ಯಾಡ್ರಿ. ಒಂದು ಮಗ್ಗಲಾಗಿ ಮಲಗಿ, ಎರಡು-ಮೂರು ಹನಿ ಬಿಟ್ಟು, ಐದ್ಹತ್ತು ನಿಮಿಷ ಹಂಗ ಇರ್ರಿ. ದಿನಕ್ಕ ಮೂರು-ನಾಕು ಸಲ, ಮೂರರಿಂದ ಐದು ದಿನ. ಗುಗ್ಗಿ ಒಮ್ಮೆಲೆ ಉಂಡಿಯಾಗಿ ಬೀಳಂಗಿಲ್ಲ, ಒಂದೆರಡು ವಾರದಾಗ ಚೂರಚೂರ ಹೊರಗ ಬರತೈತಿ. ಕಿವಿ ಸೋರೋರು, ತಮಟಿ ತೂತಾದವರು, ಕಿವಿ ಆಪರೇಶನ್ ಆದವರು ಎಣ್ಣಿನೂ ಹಾಕಬಾರದು, ನೀರೂ ಬಿಡಬಾರದು. ಶುಗರ್ ಇದ್ದವರು, ಸಣ್ಣ ಕೂಸುಗಳಿದ್ದವರು ಮೊದಲ ಡಾಕ್ಟರನ್ನ ಕೇಳ್ರಿ. ನೋವು, ಜ್ವರ, ರಕ್ತ, ಕೀವು, ತಲಿ ತಿರಗೋದು, ಒಮ್ಮೆಲೆ ಕಿವಿ ಕೇಳದಂಗ ಆಗೋದು, ಇವು ಇದ್ರ ತಡಾ ಮಾಡಬ್ಯಾಡ್ರಿ.

ಪಿನ್ನು, ಬೆಂಕಿಕಡ್ಡಿ, ಸೇಫ್ಟಿಪಿನ್ನಿನ ಹಿಂದಿನ ತುದಿ, ಕೀಲಿಕೈ, ಇವು ಯಾವೂ ಕಿವಿ ಸಾಮಾನಲ್ಲ. ಕಿವಿಗೆ ಮೇಣದ ಬತ್ತಿ ಹಚ್ಚಿ ಗುಗ್ಗಿ ಜಗ್ಗತೇವಿ ಅನ್ನೋರನ್ನೂ ನಂಬಬ್ಯಾಡ್ರಿ. ಅಮೆರಿಕಾದ ಡಾಕ್ಟರಗೋಳು 1996ರಾಗ ಪರೀಕ್ಷಾ ಮಾಡಿ ನೋಡಿದಾಗ ಅದು ಏನೂ ಜಗ್ಗಲಿಲ್ಲ, ಕೆಲವರ ಕಿವ್ಯಾಗ ಮೇಣ ಬಿದ್ದಿತ್ತು ಅಷ್ಟ.

ನಾಕು ಸಾವಿರ ವರ್ಷದ ಜಗಳದಾಗ ನನಗ ತಿಳಿದದ್ದು ಇಷ್ಟ: ಮೆತ್ತಗ ಮಾಡೋದು ಮನಿ ಕೆಲಸ, ಹೊರಗ ತರೋದು ಕಿವಿ ಕೆಲಸ, ಅದರ ಕೈಲಿ ಆಗದಿದ್ರ ಡಾಕ್ಟರ ಕೆಲಸ. ಕಡ್ಡಿಗೆ ಇದರಾಗ ಯಾವ ಕೆಲಸಾನೂ ಇಲ್ಲ. ಮುಂದಿನ ಸಲ ಕಾಡಿಗಿ ಡಬ್ಬಿ ಕಥಿ ಹೇಳ್ತೇನಿ.