ಪಹಾಡಪುರದ ಇಟ್ಟಿಗೆ ಮತ್ತು ಸುಡುಮಣ್ಣಿನ ಫಲಕಗಳು

ಬಾಂಗ್ಲಾದೇಶದ ಪಹಾಡಪುರವೆಂದೊಡನೆ ಇತಿಹಾಸಜ್ಞರಿಗೆ ನೆನಪಾಗುವುದು ಪಾಲರ ದೊರೆ ಧರ್ಮಪಾಲನು 8ನೆಯ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿಸಿದ ಸೋಮಪುರ ಮಹಾವಿಹಾರ. ಜೈನ ಇತಿಹಾಸದ ಅಭ್ಯಾಸಿಗೆ ಈ ನೆಲ ಬೇರೊಂದು ಕಾರಣಕ್ಕೂ ಮುಖ್ಯ. ಇಲ್ಲಿ ದೊರೆತ ಗುಪ್ತ ಸಂವತ್ 159ರ, ಎಂದರೆ ಕ್ರಿ.ಶ. 479ರ ತಾಮ್ರಶಾಸನವು ನಾಥಶರ್ಮನೆಂಬ ಬ್ರಾಹ್ಮಣನೂ ಅವನ ಪತ್ನಿ ರಾಮಿಯೂ ಮೂರು ದೀನಾರಗಳನ್ನು ತೆತ್ತು ಕೊಂಡ ಭೂಮಿಯನ್ನು ವಟಗೋಹಾಲಿಯ ವಿಹಾರಕ್ಕೆ, ಅರ್ಹಂತರ ಪೂಜೆಯ ಗಂಧ, ಧೂಪ, ದೀಪಗಳಿಗಾಗಿ ಬಿಟ್ಟುದನ್ನು ತಿಳಿಸುತ್ತದೆ. ಆ ವಿಹಾರವು ಕಾಶಿಯ ಪಂಚಸ್ತೂಪ ನಿಕಾಯದ ನಿರ್ಗ್ರಂಥಾಚಾರ್ಯ ಗುಹನಂದಿಯ ಶಿಷ್ಯ ಪ್ರಶಿಷ್ಯರದು. ಧವಲಾಟೀಕೆಯ ವೀರಸೇನರೂ ಅಮೋಘವರ್ಷನ ಗುರುಗಳಾದ ಜಿನಸೇನರೂ ಪಂಚಸ್ತೂಪಾನ್ವಯದವರೇ ಎಂಬುದನ್ನು ನೆನೆದರೆ ಈ ಶಾಸನ ನಮಗೆ ದೂರದ್ದೆನಿಸದು.

ಆದರೆ ಆ ಜೈನ ವಿಹಾರದ್ದೆಂದು ನಿಶ್ಚಯವಾಗಿ ತೋರಿಸಬಹುದಾದ ಗೋಡೆ ಇಂದು ಯಾವುದೂ ಇಲ್ಲ. ಉತ್ಖನನ ನಡೆಸಿದ ಕಾ. ನಾ. ದೀಕ್ಷಿತರು ನಡುವಣ ಮಹಾದೇಗುಲದ ವಿನ್ಯಾಸದ ಹಿಂದೆ ಚತುರ್ಮುಖ ಬಸದಿಯೊಂದಿದ್ದಿರಬಹುದೆಂದು ಊಹಿಸಿದರು. ಊಹೆ ಆಕರ್ಷಕ, ಸಿದ್ಧವಾದುದಲ್ಲ. ನಮ್ಮವರು ಕೆಲವರು ಇದನ್ನೇ ತೀರ್ಮಾನವೆಂಬಂತೆ ಬರೆಯುವುದು ತರವಲ್ಲ. ಉತ್ತರವೇನಾದರೂ ದೊರೆಯುವುದಿದ್ದರೆ ಅದು ಇಟ್ಟಿಗೆಯ ಅಳತೆ, ವರಸೆಗಳ ಜೋಡಣೆ, ನಡುವಿನ ಮಣ್ಣಿನ ಗಾರೆ ಇವುಗಳಲ್ಲಿಯೇ ದೊರೆಯಬೇಕು. ಆದುದರಿಂದ ಇಲ್ಲಿ ದುರಸ್ತಿಯೆಂಬುದು ಸಾಕ್ಷ್ಯಕ್ಕೆ ಕೈಹಾಕುವ ಕೆಲಸ.

ಸುಡುಮಣ್ಣಿನ ಶತ್ರು ಮಳೆಗಿಂತ ಹೆಚ್ಚಾಗಿ ಉಪ್ಪು. ನೆಲದ ತೇವವು ಇಟ್ಟಿಗೆಯ ಸೂಕ್ಷ್ಮರಂಧ್ರಗಳಲ್ಲಿ ಮೇಲೇರುವಾಗ ಲವಣವನ್ನೂ ಹೊತ್ತು ತರುತ್ತದೆ. ಮೇಲ್ಮೈಯಲ್ಲಿ ನೀರು ಆರುತ್ತದೆ, ಲವಣ ಹರಳುಗಟ್ಟಿ ಹಿಗ್ಗುತ್ತದೆ, ಫಲಕದ ಮುಖ ಪದರಪದರವಾಗಿ ಉದುರುತ್ತದೆ. ಹಳೆಯ ಇಟ್ಟಿಗೆಗೆ ಸಿಮೆಂಟು ಮೆತ್ತಿದರೆ ಕೇಡು ಇಮ್ಮಡಿ: ತೇವಕ್ಕೆ ಸಂದಿನಲ್ಲಿ ದಾರಿಯಿಲ್ಲದೆ ಅದು ಮೆದುವಾದ ಇಟ್ಟಿಗೆಯ ಮೂಲಕವೇ ಹೊರಬರುತ್ತದೆ; ಸಿಮೆಂಟಿನಲ್ಲಿರುವ ಲವಣವೂ ಅದರೊಡನೆ ಸೇರುತ್ತದೆ. ನೀರು ನಿಲ್ಲದಂತೆ ಕಾಲುವೆ ತೆಗೆಯುವುದು, ಶುದ್ಧಜಲದಲ್ಲಿ ನೆನೆಸಿದ ಕಾಗದದ ತಿರುಳನ್ನು ಹಚ್ಚಿ ಲವಣವನ್ನು ಹೀರಿಸುವುದು, ಸಂದುಗಳಿಗೆ ಇಟ್ಟಿಗೆಗಿಂತ ಮೆದುವಾದ ಗಾರೆಯನ್ನೇ ತುಂಬುವುದು, ಇವು ನಿಧಾನದ ಚಿಕಿತ್ಸೆಗಳು.

ಪಹಾಡಪುರದಲ್ಲಿ ಉತ್ಖನನದ ಕಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಫಲಕಗಳು ಗೋಡೆಯಲ್ಲಿಯೇ ಇದ್ದವು. ದೇವತೆಗಳಿಗಿಂತ ಹೆಚ್ಚಾಗಿ ಬೇಟೆಗಾರರು, ಎಲುಬು ಕಾಣುವ ತಪಸ್ವಿಗಳು, ಪ್ರಾಣಿಪಕ್ಷಿಗಳು, ಪಂಚತಂತ್ರದ ಕಥೆಗಳು! ಲವಣದ ಜೊತೆಗೆ ಕಳ್ಳತನವೂ ಸೇರಿ, ಮೂಲಫಲಕಗಳನ್ನು ಮುಖ್ಯ ಕಟ್ಟಡದಿಂದ ತೆಗೆಯಬೇಕಾಯಿತು. ತೆಗೆದುದನ್ನು ನಾನು ಆಕ್ಷೇಪಿಸಲಾರೆ. ಉದುರಿಹೋದ ಮುಖವನ್ನು ಯಾರೂ ಮತ್ತೆ ಓದಲಾರರು. ಆದರೆ ಯಾವ ಫಲಕದ ಪಕ್ಕದಲ್ಲಿ ಯಾವುದಿತ್ತೆಂಬ ಕ್ರಮವೂ ಒಂದು ಪಾಠವೇ. ಗರಿಗಳ ಸಂಖ್ಯೆ ಅಳಿಸಿಹೋದ ತಾಳೆಯೋಲೆಯ ಕಟ್ಟನ್ನು ಬಿಚ್ಚಿದವರು ಈ ಕಷ್ಟವನ್ನು ಬಲ್ಲರು. ಪ್ರತಿಕೃತಿಯ ಬೆನ್ನಿಗೆ ಅದು ಮಾಡಿದ ವರ್ಷವನ್ನೂ, ಮೂಲಫಲಕದ ಬೆನ್ನಿಗೆ ಅದಿದ್ದ ಗೋಡೆ, ಸಾಲು, ಸ್ಥಾನಗಳನ್ನೂ ಬರೆದಿಡುವುದು ಒಂದು ಕುಂಚದ ಕೆಲಸ.