ಅನಾಥ ಮಗುವಿಗೆ ಉಳುಮೆ ಕಲಿಸುವವರು ಯಾರು?

ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಹುಲ್ಲುಗಾವಲಿನಲ್ಲಿ ಸ್ವಚ್ಛಂದವಾಗಿ ಬೆಳೆದ ಹೋರಿಯನ್ನು ಹಿಡಿದು ತಂದ ಕೂಡಲೇ ನೊಗಕ್ಕೆ ಕಟ್ಟುತ್ತಿರಲಿಲ್ಲ. ಪಳಗಿದ ಹಳೆಯ ಎತ್ತಿನ ಜೊತೆ ಜೋಡಿಸಿ ಕೆಲಕಾಲ ತಿರುಗಲು ಬಿಡುತ್ತಿದ್ದರು. ಎಳೆಯದು ಹಳೆಯದನ್ನು ನೋಡಿ ಕಲಿಯುತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ 'ಅಮೃತಮಹಲ್' ಎಂಬ ಹೆಸರಿಟ್ಟವನು ಟಿಪ್ಪು ಸುಲ್ತಾನ್. ಅದೇ ತಳಿಯ ಸಂವರ್ಧನಾ ಕೇಂದ್ರ 1929ರಲ್ಲಿ ಅಜ್ಜಂಪುರದಲ್ಲಿ ಆರಂಭವಾಯಿತು.

ರೈತನ ಮನೆಯ ಮಗು ಕಲಿಯುವುದೂ ಹೀಗೆಯೇ. ಕೂರಿಗೆಯ ಹಿಂದೆ ನಡೆಯುತ್ತಾ, ಅವ್ವನ ಪಕ್ಕದಲ್ಲಿ ಕಳೆ ಕೀಳುತ್ತಾ, ಯಾವ ಮಳೆಗೆ ಯಾವ ಬೀಜ ಎಂಬುದನ್ನು ಅದು ತಿಳಿಯುತ್ತದೆ. ಅದಕ್ಕೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯೂ ಇಲ್ಲ. ಹೆತ್ತವರು ಇಲ್ಲವಾದರೆ? ಅನ್ನ ಬಟ್ಟೆ ಕೊಡುವ ಪುಣ್ಯವಂತರು ಸಿಗಬಹುದು. ಆದರೆ ಈ ವಿದ್ಯೆಯನ್ನು ಕೊಡುವವರು ಯಾರು? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಒಂದೂವರೆ ಶತಮಾನದ ಇತಿಹಾಸವಿದೆ.

ಬರಗಾಲದ ಮಕ್ಕಳು

1876-78ರ ಮಹಾ ಬರಗಾಲ ಮೈಸೂರು ಸಂಸ್ಥಾನದ ಬೆನ್ನು ಮುರಿಯಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತು ಎಂದರೆ ಆ ದುರಂತದ ಆಳವನ್ನು ಊಹಿಸಿಕೊಳ್ಳಬಹುದು.

ಆಗ ಚಿಕ್ಕಮಗಳೂರು ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಪಶ್ಚಿಮಕ್ಕೆ ಮಲೆನಾಡು. ಪೂರ್ವಕ್ಕೆ ಕಡೂರು, ಬೀರೂರು, ಅಜ್ಜಂಪುರದ ಬಯಲು. ಚಿತ್ರದುರ್ಗ, ತುಮಕೂರು ಕಡೆಯ ಒಣಭೂಮಿಯೇ ಇಲ್ಲಿಗೂ ಹಬ್ಬಿದೆ. ಮಳೆ ತಪ್ಪಿದರೆ ರಾಗಿ ಇಲ್ಲ, ಮೇವಿಲ್ಲ. ಅಯ್ಯನಕೆರೆ, ಮದಗದಕೆರೆಯಂಥ ದೊಡ್ಡ ಕೆರೆಗಳ ನೀರು ಸಿಗುವ ಹಳ್ಳಿಗಳ ಮಾತು ಬೇರೆ.

ಬರ ಕಳೆದ ಮೇಲೆ ಉಳಿದವರು ಮಕ್ಕಳು. ವೆಸ್ಲಿಯನ್ ಮಿಶನ್ ತುಮಕೂರಿನಲ್ಲಿ ಹುಡುಗರಿಗೂ ಹಾಸನದಲ್ಲಿ ಹುಡುಗಿಯರಿಗೂ ಅನಾಥಾಲಯ ನಡೆಸಿತು. ಕ್ಯಾಥೊಲಿಕ್ ಮಿಶನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೆಲಮಂಗಲ ತಾಲ್ಲೂಕಿನ ಸಿಲುವೆಪುರ, ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗೇನಹಳ್ಳಿ, ಕನಕಪುರ ತಾಲ್ಲೂಕಿನ ಮರಿಯಾಪುರಗಳಲ್ಲಿ ಬರಗಾಲದ ಅನಾಥರಿಗಾಗಿ ಕೃಷಿ ಹಳ್ಳಿಗಳನ್ನೇ ಕಟ್ಟಿತು. ಮಕ್ಕಳನ್ನು ಸಾಕಿದ್ದಷ್ಟೇ ಅಲ್ಲ, ಅವರನ್ನು ಒಕ್ಕಲುತನಕ್ಕೆ ಹಚ್ಚಿ ನೆಲೆ ಕೊಟ್ಟದ್ದು ಇದರ ವಿಶೇಷ.

ಇದನ್ನು ಹೊಗಳುವಾಗ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ಆ ಮಕ್ಕಳು ತಮ್ಮ ಊರನ್ನು, ಹಿರಿಯರ ಧರ್ಮವನ್ನು ಹಿಂದೆ ಬಿಟ್ಟು ಹೊಸ ಹಳ್ಳಿಯವರಾದರು. ನೆಲ ಸಿಕ್ಕಿತು, ಆದರೆ ಅದು ತಮ್ಮ ಹಿರಿಯರ ನೆಲವಾಗಿರಲಿಲ್ಲ. ಹಾಗಾದರೆ ಮಗು ಹುಟ್ಟಿದ ಊರಿನಲ್ಲೇ, ಅದರದೇ ಹೊಲದಲ್ಲಿ ಕಲಿಸಲು ಸಾಧ್ಯವಿಲ್ಲವೇ?

ರೋಗ ತಂದ ಅನಾಥತನ

ನೂರು ವರ್ಷಗಳ ಬಳಿಕ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ. ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದದ್ದು 2004ರಲ್ಲಿ. ಈ ನಡುವಿನ ಹದಿನೆಂಟು ವರ್ಷಗಳಲ್ಲಿ ಸೋಂಕು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬರಗಾಲ ಮೊದಲು ಮುದುಕರನ್ನೂ ಶಿಶುಗಳನ್ನೂ ಒಯ್ಯುತ್ತದೆ. ಈ ರೋಗ ಒಯ್ದದ್ದು ದುಡಿಯುವ ವಯಸ್ಸಿನವರನ್ನು. ಮನೆಯಲ್ಲಿ ಉಳಿದವರು ಅಜ್ಜ, ಅಜ್ಜಿ ಮತ್ತು ಮೊಮ್ಮಕ್ಕಳು.

ಆಫ್ರಿಕಾದಲ್ಲಿ ಈ ಸಂಕಟ ಇನ್ನೂ ಘೋರವಾಗಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆಹಾರ ಕಾರ್ಯಕ್ರಮ ಸೇರಿ 2003-04ರ ಹೊತ್ತಿಗೆ ಮೊಜಾಂಬಿಕ್‌ನಲ್ಲಿ ಕಿರಿಯರ ಹೊಲದ ಶಾಲೆಗಳನ್ನು ತೆರೆದವು. ಇಂಡೋನೇಷ್ಯಾದಲ್ಲಿ 1989ರಲ್ಲಿ ಭತ್ತದ ಕಂದು ಜಿಗಿಹುಳದ ವಿರುದ್ಧ ಆರಂಭವಾದ ರೈತರ ಕ್ಷೇತ್ರ ಪಾಠಶಾಲೆಗಳೇ ಇವಕ್ಕೆ ಮಾದರಿ. ಹದಿಹರೆಯದ ಅನಾಥರು ಗುಂಪಾಗಿ ಹೊಲಕ್ಕಿಳಿಯುತ್ತಾರೆ. ಬೆಳೆಯನ್ನು ನೋಡುತ್ತಾರೆ, ಕಂಡದ್ದನ್ನು ಚಿತ್ರವಾಗಿ ಬರೆಯುತ್ತಾರೆ, ಏನು ಮಾಡಬೇಕೆಂದು ತಾವೇ ತೀರ್ಮಾನಿಸುತ್ತಾರೆ. ಅದೇ ಪಾಠ ಬದುಕಿನತ್ತ ತಿರುಗುತ್ತದೆ. ಸಸಿಗೆ ಕೀಟದಿಂದ ರಕ್ಷಣೆ ಬೇಕಾದರೆ ನಿನಗೆ ಯಾವುದರಿಂದ ರಕ್ಷಣೆ ಬೇಕು? ಹಾಡು, ನಾಟಕಗಳ ಮೂಲಕ ಆರೋಗ್ಯ, ಆಸ್ತಿಯ ಹಕ್ಕು, ದೌರ್ಜನ್ಯವನ್ನು ಎದುರಿಸುವ ಧೈರ್ಯ ಎಲ್ಲವೂ ಚರ್ಚೆಗೆ ಬರುತ್ತವೆ. ಇಲ್ಲಿ ಮಗು ಊರು ಬಿಡಬೇಕಾಗಿಲ್ಲ.

ನಮ್ಮಲ್ಲಿ ಏನು ಕಲಿಸಬೇಕು?

ಕಡೂರು, ತರೀಕೆರೆ, ಅಜ್ಜಂಪುರ ಪಕ್ಕಪಕ್ಕದ ತಾಲ್ಲೂಕುಗಳು. ಆದರೂ ಪಾಠ ಒಂದೇ ಅಲ್ಲ. ಕಡೂರಿನ ಬಯಲಿನಲ್ಲಿ ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದು ಮುಖ್ಯ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ಅಜ್ಜಂಪುರದಲ್ಲಿ ಈರುಳ್ಳಿ. ಬೆಲೆ ಬಿದ್ದ ವರ್ಷ ಹೇಗೆ ಉಳಿಯಬೇಕು ಎಂಬುದನ್ನೂ ಕಲಿಯಬೇಕು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ. ಅಲ್ಲಿ ಅಡಿಕೆ ತೋಟದ ಕೆಲಸ ಬೇರೆ, ಕೂಲಿಯ ಲೆಕ್ಕವೂ ಬೇರೆ.

ಆದರೆ ಅನಾಥ ಮಗು ಕಳೆದುಕೊಳ್ಳುವುದು ಬೇಸಾಯದ ಜ್ಞಾನವನ್ನು ಮಾತ್ರವಲ್ಲ. ಹಳ್ಳಿಯಲ್ಲಿ ಮುಯ್ಯಾಳು ಎಂಬ ಏರ್ಪಾಡಿದೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಪ್ಪ ಇಲ್ಲದ ಹುಡುಗನನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳುವವರು ಕಡಿಮೆ. ಪೌತಿ ಖಾತೆ ಆಗದಿದ್ದರೆ ಪಹಣಿಯಲ್ಲಿ ಸತ್ತವರ ಹೆಸರೇ ಉಳಿಯುತ್ತದೆ. ಬೆಳೆ ಸಾಲಕ್ಕೆ ಹೋದರೆ ಬ್ಯಾಂಕು ಕೈಯಾಡಿಸುತ್ತದೆ. ಅಷ್ಟರಲ್ಲಿ ಯಾರೋ ಬಂಧು ಒಂದು ಸಾಲು ಹೆಚ್ಚಾಗಿ ಉತ್ತು ಬದುವನ್ನೇ ಸರಿಸಿರುತ್ತಾರೆ. ಪಹಣಿ ಓದುವುದು, ಬ್ಯಾಂಕಿನ ಚೀಟಿ ತುಂಬುವುದು, ತಹಸೀಲ್ದಾರರ ಮುಂದೆ ತಲೆಯೆತ್ತಿ ಮಾತಾಡುವುದು, ಇವು ಬೇಸಾಯಕ್ಕೆ ಹೊರತಾದ ವಿಷಯಗಳಲ್ಲ. ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಅಗತ್ಯ, ಏಕೆಂದರೆ ಅವರ ಪಾಲು ಮೊದಲು ಮರೆತುಹೋಗುತ್ತದೆ.

ಅನಾಥರ ಆಸ್ತಿ ಕಬಳಿಸುವುದು ಹೊಸ ಪಾಪವಲ್ಲ. ಕುರ್‌ಆನಿನ ಅನ್ನಿಸಾ ಅಧ್ಯಾಯ ಅದನ್ನು ಕಟುವಾಗಿ ಖಂಡಿಸುತ್ತದೆ. ಅನಾಥರನ್ನು ಪರೀಕ್ಷಿಸುತ್ತಿದ್ದು, ಅವರಲ್ಲಿ ವಿವೇಕ ಕಂಡಾಗ ಸೊತ್ತನ್ನು ಅವರಿಗೆ ಒಪ್ಪಿಸಬೇಕೆಂದೂ ಹೇಳುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾನೂನಿನಲ್ಲೂ ಮಗುವಿನ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಪೋಷಕರು ಮಾರುವಂತಿಲ್ಲ. ಕಾನೂನು ಆಸ್ತಿಯನ್ನು ಕಾಯಬಹುದು. ಆದರೆ ಅದನ್ನು ನಡೆಸುವ ವಿವೇಕವನ್ನು ಯಾರಾದರೂ ಕಲಿಸಲೇಬೇಕು.

ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ರಾಜ್ಯ ಸರ್ಕಾರ 2021ರಲ್ಲಿ ತಿಂಗಳಿಗೆ 3,500 ರೂಪಾಯಿಯ ನೆರವನ್ನು ಘೋಷಿಸಿತು. ಒಳ್ಳೆಯ ಕೆಲಸವೇ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಯುವಕರಿಗೆ ಊಟ, ವಸತಿ ಕೊಟ್ಟು ಕಸುಬು ಕಲಿಸಿದ್ದೂ ಕಣ್ಣ ಮುಂದಿದೆ. ನೆರವು ಮತ್ತು ಕಸುಬು, ಇವೆರಡನ್ನೂ ಮಗುವಿನ ಸ್ವಂತ ಊರಿನಲ್ಲಿ ಸೇರಿಸಬೇಕಾಗಿದೆ.

ಅದಕ್ಕೆ ದೊಡ್ಡ ಕಟ್ಟಡ ಬೇಡ. ಅರ್ಧ ಎಕರೆ ಹೊಲ, ಹತ್ತಿಪ್ಪತ್ತು ಮಕ್ಕಳು, ಕಲಿಸಲು ಊರಿನ ಇಬ್ಬರು ಹಿರಿಯರು ಸಾಕು. ಮಸೀದಿಯ ಜಮಾಅತ್, ಮಠ, ಚರ್ಚು, ಹಾಲಿನ ಸಂಘ, ಗ್ರಾಮ ಪಂಚಾಯಿತಿ, ಯಾರಾದರೂ ಆರಂಭಿಸಬಹುದು. ಆ ಹಿರಿಯರು ಇನ್ನೂ ನಮ್ಮ ಜಗಲಿಗಳ ಮೇಲೆ ಕೂತಿದ್ದಾರೆ. ಇನ್ನು ಹತ್ತು ವರ್ಷ ಕಳೆದರೆ ಕೇಳೋಣವೆಂದರೂ ಅವರು ಇರುವುದಿಲ್ಲ.