ಎರಡು ಸಾಮ್ರಾಜ್ಯಗಳ ನಡುವೆ ಸಯಾಂ

ಭೂಪಟವನ್ನು ತೆರೆದು ಆಗ್ನೇಯ ಏಷ್ಯದತ್ತ ಒಮ್ಮೆ ನೋಡಿ. 1900ರ ವೇಳೆಗೆ ಪಶ್ಚಿಮದಲ್ಲಿ ಬರ್ಮಾ ಬ್ರಿಟಿಷರದಾಗಿತ್ತು. ಪೂರ್ವದಲ್ಲಿ ವಿಯಟ್ನಾಂ, ಕಾಂಬೋಡಿಯ, ಲಾವೋಸ್ ಫ್ರೆಂಚರ ವಶವಾಗಿದ್ದವು. ನಡುವಿನ ಸಯಾಂ, ಅಂದರೆ ಇಂದಿನ ಥಾಯ್ಲೆಂಡ್, ಮಾತ್ರ ಯಾರ ವಸಾಹತೂ ಆಗಲಿಲ್ಲ. ಇದು ಹೇಗೆ ಸಾಧ್ಯವಾಯಿತು?

ದೊರೆ ಮೊಂಗ್‌ಕುಟ್ 1855ರಲ್ಲಿಯೇ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡಿದ್ದ. ಆಮದು ಸುಂಕ ಶೇಕಡಾ 3 ಮಾತ್ರ. ಸಯಾಮಿನಲ್ಲಿ ತಪ್ಪು ಮಾಡಿದ ಬ್ರಿಟಿಷ್ ಪ್ರಜೆಯ ವಿಚಾರಣೆ ಅವರ ಕಾನ್ಸಲನ ಮುಂದೆ. ಅವಮಾನಕರ ಷರತ್ತುಗಳೇ ಸರಿ. ಆದರೆ ಮರುವರ್ಷವೇ ಫ್ರಾನ್ಸ್, ಅಮೆರಿಕಗಳಿಗೂ ಇಂಥದೇ ಸವಲತ್ತು ಕೊಟ್ಟು, ಯಾವ ಒಬ್ಬರಿಗೂ ಏಕಸ್ವಾಮ್ಯ ಸಿಗದಂತೆ ನೋಡಿಕೊಂಡ. ಯುದ್ಧದ ದಾರಿ ಹಿಡಿದ ಬರ್ಮಾದ ಗತಿ ನಮಗೆ ಗೊತ್ತೇ ಇದೆ: 1885ರಲ್ಲಿ ಸೋತ ದೊರೆ ಥೀಬಾ ನಮ್ಮ ಪಶ್ಚಿಮ ಕರಾವಳಿಯ ರತ್ನಗಿರಿಯಲ್ಲಿ ಸೆರೆಯಲ್ಲಿದ್ದು, 1916ರಲ್ಲಿ ಅಲ್ಲಿಯೇ ತೀರಿಕೊಂಡ.

ಮೊಂಗ್‌ಕುಟ್‌ನ ಮಗ ಚುಲಲಾಂಗ್‌ಕಾರ್ನ್ (ಆಳ್ವಿಕೆ 1868–1910) ಸಲಹೆಗಾರರನ್ನು ಆರಿಸಿದ ರೀತಿ ಗಮನಾರ್ಹ. ಅವನ ಪ್ರಧಾನ ಸಲಹೆಗಾರ ರೋಲಾ ಜಾಕ್‌ಮಾನ್ ಬೆಲ್ಜಿಯಂನವನು. ನೌಕಾಪಡೆಯ ಅಧಿಕಾರಿಗಳಲ್ಲಿ ಹಲವರು ಡೆನ್ಮಾರ್ಕಿನವರು. ಸಣ್ಣ ದೇಶದವನಿಗೆ ಸಯಾಮನ್ನು ನುಂಗುವ ಹಸಿವು ಎಲ್ಲಿಂದ ಬರಬೇಕು?

ಇಷ್ಟಾದರೂ ಜಾಣತನಕ್ಕೆ ಮಿತಿಯಿತ್ತು. 1893ರ ಜುಲೈ 13ರಂದು ಎರಡು ಫ್ರೆಂಚ್ ಯುದ್ಧನೌಕೆಗಳು ಪಾಕ್‌ನಾಮ್ ಕೋಟೆಯ ಗುಂಡಿನ ನಡುವೆಯೇ ನುಗ್ಗಿ ಬ್ಯಾಂಕಾಕ್ ತಲುಪಿದವು. ಬ್ರಿಟನ್ ನೆರವಿಗೆ ಬರುವುದೆಂಬ ನಿರೀಕ್ಷೆ ಅರಮನೆಯಲ್ಲಿತ್ತು. ಬಂದದ್ದು ನೆರವಲ್ಲ, ಫ್ರಾನ್ಸಿನ ಷರತ್ತುಗಳನ್ನು ಒಪ್ಪಿಕೊಳ್ಳಿರೆಂಬ ಸಲಹೆ! ಮೆಕಾಂಗ್ ನದಿಯ ಪೂರ್ವದ ನೆಲವೆಲ್ಲ ಹೋಯಿತು; ಜೊತೆಗೆ 30 ಲಕ್ಷ ಫ್ರಾಂಕ್ ದಂಡ.

1896ರ ಜನವರಿಯಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಲಂಡನ್ನಿನಲ್ಲಿ ಕುಳಿತು, ಚಾವ್ ಫ್ರಯಾ ನದಿಯ ಬಯಲಿಗೆ ಪರಸ್ಪರರ ಒಪ್ಪಿಗೆಯಿಲ್ಲದೆ ಸೇನೆ ನುಗ್ಗಿಸುವುದಿಲ್ಲವೆಂದು ಒಪ್ಪಿಕೊಂಡವು. ತಮ್ಮ ಗಡಿಗಳು ಒಂದಕ್ಕೊಂದು ತಾಗದಿರಲೆಂಬುದೇ ಇದರ ಉದ್ದೇಶ. ಆ ಮಾತುಕತೆಯಲ್ಲಿ ಸಯಾಮಿಗೆ ಕುರ್ಚಿಯೇ ಇರಲಿಲ್ಲ. ಸಯಾಂ ಉಳಿದದ್ದು ದೊರೆಗಳ ಚಾತುರ್ಯದಿಂದಲೇ ಎಂದು ಹೊಗಳುವವರು ಈ ಸಂಗತಿಯನ್ನು ಮರೆಯುತ್ತಾರೆ. ಆದರೆ ಹೀಗೆ ದೊರೆತ ಬಿಡುವನ್ನು ದೊರೆ ವ್ಯರ್ಥ ಮಾಡಲಿಲ್ಲ. 1897ರಲ್ಲಿ ಯೂರೋಪಿನ ಪ್ರವಾಸ ಹೊರಟು, ಹಳೆಯ ಸ್ನೇಹಿತನಾದ ರಷ್ಯದ ಝಾರ್ ಎರಡನೆಯ ನಿಕೊಲಸನನ್ನು ಕಂಡ, ಫ್ರಾನ್ಸಿಗೂ ಹೋಗಿಬಂದ. ದೇಶದಲ್ಲಿ ರೈಲು, ನ್ಯಾಯಾಲಯ, ಕಂದಾಯಗಳ ಸುಧಾರಣೆ ಮುಂದುವರಿಯಿತು.

ಬೆಲೆ ತೆರುವುದು ಮಾತ್ರ ನಿಲ್ಲಲಿಲ್ಲ. 1907ರಲ್ಲಿ ಬಟ್ಟಂಬಾಂಗ್, ಸಿಯಮ್ ರೀಪ್ ಪ್ರಾಂತಗಳು ಫ್ರೆಂಚರಿಗೆ ಸಂದವು. ಅಂಕೋರ್ ದೇವಾಲಯವಿರುವುದು ಇಲ್ಲಿಯೇ. 1909ರಲ್ಲಿ ಕೆಡಾ, ಕೆಲಂಟಾನ್, ಟ್ರೆಂಗಾನು, ಪರ್ಲಿಸ್ ಬ್ರಿಟಿಷರ ಪಾಲಾದವು. ಪ್ರತಿಯಾಗಿ ಸಯಾಮಿಗೆ ದಕ್ಷಿಣದ ರೈಲುಮಾರ್ಗಕ್ಕಾಗಿ 40 ಲಕ್ಷ ಪೌಂಡ್ ಸಾಲ ದೊರೆಯಿತು. ಅಲ್ಲಿ ಬಾಳುತ್ತಿದ್ದ ಖ್ಮೇರರನ್ನಾಗಲಿ ಮಲಯರನ್ನಾಗಲಿ ಬ್ಯಾಂಕಾಕ್, ಪ್ಯಾರಿಸ್, ಲಂಡನ್ ಯಾರೂ ಕೇಳಲಿಲ್ಲ.

ಆ ಕಾಲದಲ್ಲಿ ಫ್ರೆಂಚ್ ಅಧಿಕಾರಿಗಳು ತಯಾರಿಸಿದ ಒಂದು ನಕ್ಷೆಯ ಆಧಾರದ ಮೇಲೆ, ಗಡಿಬೆಟ್ಟದ ಪ್ರೀಯ ವಿಹಾರ್ ದೇವಾಲಯ ಕಾಂಬೋಡಿಯಕ್ಕೆ ಸೇರಿದ್ದೆಂದು ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ತೀರ್ಪಿತ್ತಿತು. ಅದೇ ಗಡಿಯಲ್ಲಿ 2025ರ ಜುಲೈನಲ್ಲಿ ಎರಡೂ ದೇಶಗಳ ಫಿರಂಗಿಗಳು ಮತ್ತೆ ಗರ್ಜಿಸಿದವು.